ಸುಣ್ಣಕಲ್ಲಿಗೆ ನೇರಳೆ ದೀಪ ಯಾಕ್ರೀ?

ನಿಮಿಷಕ್ಕೊಂದು ಬಣ್ಣ ಬದಲಿಸೋ ಸುಣ್ಣಕಲ್ಲನ್ನ ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ? ಮೊದಲು ನೇರಳೆ, ಆಮೇಲೆ ಹಸಿರು, ಆಮೇಲೆ ಗುಲಾಬಿ, ಮತ್ತೆ ನೇರಳೆ? ನಾನು ಶಹಾಬಾದಿನವನು ಅಂತ ಇಲ್ಲಿರೋ ಬಹಳ ಜನಕ್ಕೆ ಗೊತ್ತು. ಮನೆ ನೆಲ ಫರ್ಸಿ (ನಮ್ಮೂರ ಸುಣ್ಣಕಲ್ಲಿನ ಚಪ್ಪಡಿ), ಅಂಗಳ ಫರ್ಸಿ, ಬಚ್ಚಲು ಫರ್ಸಿ. ಬೇಸಿಗೆಯಲ್ಲಿ ಚಾಪೆ ಬಿಟ್ಟು ಬರೀ ಕಲ್ಲಿನ ಮೇಲೆ ಮಲಗಿ ಬೆಳೆದವನು. ಸುಣ್ಣಕಲ್ಲಿನ ವಿಷಯದಲ್ಲಿ ನನಗೆ ಸ್ವಲ್ಪ ಜಾಸ್ತಿನೇ ಅಭಿಮಾನ, ಒಪ್ಪುತ್ತೇನೆ. ಆದರೆ ಈ ಬಣ್ಣ ಬದಲಿಸೋ ತಳಿಯನ್ನ ನೋಡಿರಲಿಲ್ಲ. ಹೋದ ಶನಿವಾರ ಟಿಕೆಟ್ ತಗೊಂಡು ನೋಡಿ ಬಂದೆ.

ಅಕ್ಕನ ಮನೆಯವರು ಜಪಾನಿಗೆ ಬಂದಿದ್ದಾರೆ. ಟೋಕಿಯೊ, ಫೂಜಿ, ಕ್ಯೋತೊ, ಒಸಾಕ ಎಲ್ಲರಿಗೂ ಇದ್ದದ್ದೇ, ಒಂದು ಗುಹೆ ತೋರಿಸೋಣ ಅಂತ ನಾನೇ ಹಟ ಹಿಡಿದು ಕರೆದುಕೊಂಡು ಹೋದೆ. ಯಾವ ಗುಹೆ ಅಂತ ಹೇಳಲ್ಲ. ಪಾಪ, ನಡೆಸೋ ಜನ ಒಳ್ಳೆಯವರು, ಹೊರಡುವಾಗ ಬಗ್ಗಿ ಬಗ್ಗಿ ನಮಸ್ಕಾರ ಮಾಡಿದರು. ಆದರೆ ಒಳಗೆ! ದೊಡ್ಡ ಹಜಾರಕ್ಕೆ ಕಾಲಿಟ್ಟರೆ ನಮ್ಮೂರ ಮದುವೆ ಮಂಟಪಕ್ಕೆ ಸೀರಿಯಲ್ ಸೆಟ್ ಹಾಕಿದ ಹಾಗಿತ್ತು. ಜೊತೆಗೆ ಸ್ಪೀಕರಿನಲ್ಲಿ ಮೆಲ್ಲಗೆ ಸಿಂಥಸೈಜರ್ ಸಂಗೀತ. ವಾಲಗದವರು ಮಾತ್ರ ಇರಲಿಲ್ಲ.

ಅಕ್ಕನ ಮಗನಿಗೆ ಖುಷಿಯೋ ಖುಷಿ. "ಮಾಮಾ, ಭಾರಿ ಅದ ನೋಡು!" ಅಂತ ನೇರಳೆ ಬೆಳಕಿನಲ್ಲಿ ರೀಲ್ಸ್ ಮಾಡಿದ. ಅವನ ತಪ್ಪಿಲ್ಲ, ಹದಿನಾರರ ಹುಡುಗ. ನನ್ನ ತಲೆಬಿಸಿ ಬೇರೆ. ಆ ಹಜಾರ ದಾಟಿದ ಮೇಲೆ ಒಂದು ಮೂಲೆಯಲ್ಲಿ ಬರೀ ಒಂದು ಬಿಳಿ ದೀಪವಿತ್ತು. ಅಲ್ಲಿ ಹಾಲುಬಿಳಿ ಕಲ್ಲಿನ ಪಕ್ಕಕ್ಕೇ ಕಂದು ಪಟ್ಟಿ, ಅದರ ಅಂಚಿಗೆ ಕಪ್ಪು ಗೆರೆ. ಇಡೀ ಗುಹೆಯಲ್ಲಿ ಕಲ್ಲು ಕಲ್ಲಿನ ಹಾಗೆ ಕಂಡದ್ದು ಅಲ್ಲಿ ಮಾತ್ರ. ಒಬ್ಬರೂ ನಿಲ್ಲಲಿಲ್ಲ! "ಇಲ್ಲಿ ಏನೂ ಇಲ್ಲ" ಅಂದುಕೊಂಡು ಎಲ್ಲರೂ ಮುಂದೆ ಹೋದರು. ನಮ್ಮ ಅಕ್ಕನೂ.

ಏನೂ ಇಲ್ವಾ? ಅಲ್ಲೇ ಇತ್ತಲ್ರೀ ಎಲ್ಲಾ!

ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿರೋ ಇಂಗಾಲದ ಡೈ ಆಕ್ಸೈಡ್ ಸೇರಿ ಚೂರು ಆಮ್ಲೀಯವಾಗುತ್ತೆ. ಆ ನೀರು ಬಿರುಕುಗಳಲ್ಲಿ ಇಳಿಯುತ್ತಾ ಸುಣ್ಣಕಲ್ಲನ್ನ ಕರಗಿಸಿಕೊಂಡು ಬಂದು ಗುಹೆಯ ಚಾವಣಿಯಲ್ಲಿ ಹನಿಯಾಗಿ ನಿಲ್ಲುತ್ತೆ. ಅಲ್ಲಿ ಗಾಳಿ ಸಿಕ್ಕ ಕೂಡಲೇ ಆ ಅನಿಲ ಹೊರಗೆ ಹೋಗುತ್ತೆ, ಕರಗಿದ್ದ ಸುಣ್ಣ ಕ್ಯಾಲ್ಸೈಟ್ ಅನ್ನೋ ಹರಳಾಗಿ ಒಂದು ಚೂರು ಅಂಟಿಕೊಳ್ಳುತ್ತೆ. ಹನಿ ಕೆಳಗೆ ಬಿದ್ದ ಜಾಗದಲ್ಲಿ ಇನ್ನೊಂದು ಚೂರು. ಹೀಗೇ ಮೇಲಿಂದ ಸ್ಟ್ಯಾಲಕ್ಟೈಟ್ ಇಳಿಯುತ್ತೆ, ಕೆಳಗಿಂದ ಸ್ಟ್ಯಾಲಗ್ಮೈಟ್ ಏಳುತ್ತೆ. ನೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಬಹಳ ಆಯಿತು. ಬರೀ ಕ್ಯಾಲ್ಸೈಟ್ ಆದರೆ ಬಿಳಿ. ನೀರು ಬರೋ ದಾರಿಯಲ್ಲಿ ಕಬ್ಬಿಣವೋ ಕೊಳೆತ ಎಲೆಯ ಸತ್ವವೋ ಸೇರಿದರೆ ಕಂದು, ಕೇಸರಿ. ಮ್ಯಾಂಗನೀಸ್ ಸೇರಿದರೆ ಕಪ್ಪು. ಅಂದರೆ ಮೇಲಿನ ಕಾಡು, ಮಣ್ಣು, ಮಳೆ ಎಲ್ಲದರ ಲೆಕ್ಕ ಆ ಬಣ್ಣದಲ್ಲೇ ಇದೆ. ಅದರ ಮೇಲೆ ನೇರಳೆ ಎಲ್‌ಇಡಿ ಬಿಟ್ಟರೆ ಬಿಳಿಯೂ ನೇರಳೆ, ಕಂದೂ ನೇರಳೆ, ಕಪ್ಪು ಮಾತ್ರ ಇನ್ನಷ್ಟು ಕಪ್ಪು. ನೋಡೋದಕ್ಕೆ ಅಂತ ಹೋದದ್ದನ್ನೇ ಮುಚ್ಚಿಟ್ಟು ಅದಕ್ಕೆ ಟಿಕೆಟ್ ಇಟ್ಟಿದ್ದಾರೆ.

ಜಪಾನಿನ ಗುಹೆಗಳೇ ಹೀಗೆ ಅಂತ ಯಾರೂ ತಿಳ್ಕೋಬೇಡಿ. ಯಾಮಾಗುಚಿ ಪ್ರಾಂತದ ಅಕಿಯೋಶಿ-ದೋ ('ದೋ' ಅಂದರೆ ಗುಹೆ) ನೋಡಿದ ಮೇಲೇ ನನಗೆ ಈ ಹುಚ್ಚು ಹಿಡಿದದ್ದು. ಶಿನ್-ಯಾಮಾಗುಚಿಯಲ್ಲಿ ಬುಲೆಟ್ ಟ್ರೈನ್ ಇಳಿದು ಬಸ್ ಹತ್ತಬೇಕು. ಕಾಡಿನ ನಡುವೆ ಬೆಟ್ಟದ ಬಾಯಿ ತೆರೆದಿದೆ, ಅದರೊಳಗಿಂದ ಹೊಳೆಯೇ ಹೊರಗೆ ಹರಿದು ಬರುತ್ತೆ. ಹೊಳೆ ಹೊರಬರೋ ಬಾಯಿಂದಲೇ ನಾವು ಒಳಗೆ ಹೋಗೋದು. ಹೊರಗೆ ಆಗಸ್ಟ್ ತಿಂಗಳ ಧಗೆ, ಒಳಗೆ ವರ್ಷವಿಡೀ 17 ಡಿಗ್ರಿ. ಹತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಗುಹೆ, ನಮಗೆ ಬಿಡೋದು ಒಂದು ಕಿಲೋಮೀಟರ್ ಮಾತ್ರ. 'ನೂರು ತಟ್ಟೆ' ಅಂತ ಕರೆಯೋ ಜಾಗದಲ್ಲಿ ಹರಿಯೋ ನೀರು ತಾನೇ ಕಟ್ಟಿಕೊಂಡ ಸುಣ್ಣದ ಕಟ್ಟೆಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಪುಟ್ಟ ಕೊಳಗಳು. ಹೆಸರಿಗೆ ನೂರು, ಎಣಿಸಿದರೆ ಐನೂರರ ಮೇಲಿವೆ. ಮುಂದೆ ಹೋದರೆ ಚಿನ್ನದ ಕಂಬ, 15 ಮೀಟರ್ ಎತ್ತರ, ಗೋಡೆ ಮೇಲೆ ಇಳಿದ ನೀರು ಕಟ್ಟಿದ್ದು. ನಾನು ಹೋದಾಗ ಅಲ್ಲಿ ಇದ್ದದ್ದು ಮಸುಕು ಬಿಳಿ ಬೆಳಕು. ಕಂಬದ ಹೊಂಬಣ್ಣ ಕಲ್ಲಿನದೇ, ಬಲ್ಬಿನದಲ್ಲ. ಅರ್ಧ ಗಂಟೆ ಅಲ್ಲೇ ನಿಂತಿದ್ದೆ, ಹಿಂದಿನವರು 'ಸುಮಿಮಾಸೆನ್' ಅಂತ ದಾರಿ ಕೇಳೋ ತನಕ.

ಗುಹೆಯೊಳಗೆ ಲಿಫ್ಟ್ ಇದೆ. ಹತ್ತಿ ಮೇಲೆ ಬಂದರೆ ಅಕಿಯೋಶಿ-ದಾಯ್, ಹುಲ್ಲುಗಾವಲಿನ ತುಂಬ ಬೂದು ಕಲ್ಲುಗಳು ತಲೆ ಎತ್ತಿ ನಿಂತಿರೋ ಪ್ರಸ್ಥಭೂಮಿ. ಸುಮಾರು 35 ಕೋಟಿ ವರ್ಷದ ಹಿಂದೆ ಸಾಗರದ ನಡುವಿನ ಜ್ವಾಲಾಮುಖಿಯ ನೆತ್ತಿಯ ಮೇಲೆ ಬೆಳೆದ ಹವಳದ ದಿಬ್ಬ ಅದು. ಸಾಗರದ ತಳ ಸರಿಯುತ್ತಾ ಸರಿಯುತ್ತಾ ತಂದು ಏಷ್ಯಾದ ಅಂಚಿಗೆ ಅಂಟಿಸಿತು. ಕಲ್ಲಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಫ್ಯೂಸುಲಿನಾ ಅನ್ನೋ ಜೀವಿಗಳ ಪಳೆಯುಳಿಕೆ ಇವೆ. ಅವನ್ನೇ ಹಿಡಿದು 1923ರಲ್ಲಿ ಓಜಾವಾ ಯೋಶಿಯಾಕಿ ಅನ್ನೋ ಭೂವಿಜ್ಞಾನಿ, ಇಲ್ಲಿ ಪದರಗಳು ತಲೆಕೆಳಗಾಗಿವೆ, ಹಳೆಯದು ಮೇಲೆ ಹೊಸದು ಕೆಳಗೆ ಇದೆ ಅಂತ ತೋರಿಸಿದರು. ನಮ್ಮ ಶಹಾಬಾದ್ ಕಲ್ಲಿನಲ್ಲಿ ಹವಳ, ಚಿಪ್ಪು ಎಷ್ಟು ಹುಡುಕಿದರೂ ಸಿಗಲ್ಲ. ಚಿಪ್ಪು ಕಟ್ಟೋ ಪ್ರಾಣಿಗಳು ಬರೋದಕ್ಕೂ ಮೊದಲಿನ ಸಮುದ್ರದ ಕೆಸರು ಅದು. (ವಯಸ್ಸಿನಲ್ಲಿ ನಾವೇ ಹಿರಿಯರು. ಇದನ್ನ ಇಲ್ಲಿಯ ಸಹೋದ್ಯೋಗಿಗಳಿಗೆ ಹೇಳಿ ಹೇಳಿ ಬೇಜಾರು ಬರಿಸಿದ್ದೇನೆ.)

ಇಷ್ಟೆಲ್ಲ ಇರೋ ಕಲ್ಲಿಗೆ ನೇರಳೆ ದೀಪ. ಬಿಡೋದಕ್ಕೇ ಆಗ್ತಿಲ್ಲ ನೋಡಿ ಈ ವಿಷಯ.

ಬಣ್ಣ ಇರಲಿ, ದೀಪವೇ ಗುಹೆಗೆ ಕಾಟ. ಯಾವ ಪ್ರವಾಸಿ ಗುಹೆಗಾದರೂ ಹೋಗಿ ದೀಪದ ಸುತ್ತ ನೋಡಿ, ಹಸಿರು ಕಾಣುತ್ತೆ. ಪಾಚಿ, ಹಾವಸೆ, ಕೆಲವು ಕಡೆ ಪುಟ್ಟ ಜರಿಗಿಡ. ಲಕ್ಷಾಂತರ ವರ್ಷ ಬೆಳಕೇ ಕಾಣದ ಜಾಗದಲ್ಲಿ ಬಲ್ಬ್ ಹಚ್ಚಿದ್ದಕ್ಕೆ ಬಂದ ಬೆಳೆ. ಅದು ಕಲ್ಲಿನ ಮೈಯನ್ನೇ ಹಾಳು ಮಾಡುತ್ತೆ, ತೊಳೆದರೆ ಮತ್ತೆ ಬರುತ್ತೆ. ದೀಪ ಕಡಿಮೆ ಇಡಿ, ಜನ ಇಲ್ಲದಾಗ ಆರಿಸಿ ಅನ್ನೋದೇ ಮದ್ದು. ನಮ್ಮ ಡಿಸ್ಕೊ ಗುಹೆಯಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ದೀಪ ಕುಣೀತಾನೇ ಇರುತ್ತೆ. ಕಲ್ಲನ್ನ ಮುಟ್ಟಬೇಡಿ ಅಂತ ಮಾತ್ರ ಹತ್ತು ಹೆಜ್ಜೆಗೊಂದು ಬೋರ್ಡು.

ಗೊತ್ತು, ಕಮೆಂಟಿನಲ್ಲಿ ಏನು ಬರುತ್ತೆ ಅಂತ. "ಸರ್, ಹಳ್ಳಿಗಳಲ್ಲಿ ಬರೀ ಮುದುಕರು ಉಳಿದಿದ್ದಾರೆ, ಬಸ್ಸು ನಿಂತು ಹೋಗ್ತಿದೆ, ನಾಲ್ಕು ಹುಡುಗರು ಫೋಟೋಗಾದರೂ ಬಂದರೆ ಊರಿನ ಹೋಟೆಲ್‌ಗೆ ಎರಡು ಊಟ ಹೋಗುತ್ತೆ." ಸರಿ, ಮಾತು ಖರೆ. ಆ ಊರಿನಲ್ಲಿ ನಮಗೆ ಸೋಬಾ ಬಡಿಸಿದ ಅಜ್ಜಿಗೆ ಎಂಬತ್ತರ ಮೇಲಾಗಿರಬೇಕು. ಆದರೆ ಜನ ಬರೋದು ಬಣ್ಣಕ್ಕೇ ಅಂತ ಯಾರು ಹೇಳಿದ್ದು? ಅಕಿಯೋಶಿ-ದೋ ಇರೋ ಮಿನೆ ನಗರದಲ್ಲೇ ಕಾಗೆಕಿಯೋ-ದೋ ಅಂತ ಇನ್ನೊಂದು ಗುಹೆ ಇದೆ. ಅದರ ಕೊನೆಯ ಭಾಗಕ್ಕೆ ದೀಪವೇ ಹಾಕಿಲ್ಲ. ಹೆಲ್ಮೆಟ್ಟು, ಗಮ್‌ಬೂಟು, ಬ್ಯಾಟರಿ ಕೊಟ್ಟು ನೀರಿನಲ್ಲಿ ಬಿಡ್ತಾರೆ, ಅದಕ್ಕೆ ಹೆಚ್ಚಿನ ದುಡ್ಡು ಬೇರೆ. ಶಿಕೊಕು ದ್ವೀಪದ ರ‍್ಯೂಗಾ-ದೋದಲ್ಲೂ ಹೀಗೇ ಕತ್ತಲಲ್ಲಿ ತೆವಳೋ ಸಾಹಸದ ದಾರಿ ಇದೆ. ಜನ ಕತ್ತಲೆಗೂ ದುಡ್ಡು ಕೊಡ್ತಾರೆ ಸ್ವಾಮಿ. ಕರೆಂಟ್ ಬಿಲ್ಲೂ ಉಳಿಯುತ್ತೆ.

ಇನ್ನು ಇದನ್ನ ಹೇಳಲೋ ಬೇಡವೋ. ನನಗೆ ಕತ್ತಲು ಅಂದರೆ ಭಯ. ನಲವತ್ತು ದಾಟಿದರೂ ಬಚ್ಚಲಮನೆ ದೀಪ ಹಚ್ಚಿಟ್ಟು, ಬಾಗಿಲು ಸ್ವಲ್ಪ ತೆರೆದಿಟ್ಟೇ ಮಲಗೋದು. ಮನೆಯವಳು ನಗ್ತಾಳೆ. ಅಂಥವನು ಕಾಗೆಕಿಯೋ-ದೋದ ಆ ಕೊನೆಯಲ್ಲಿ, ಸೊಂಟ ಬಗ್ಗಿಸಿಕೊಂಡು ನೀರಿನಲ್ಲಿ ನಡೀತಾ, ಒಂದು ಕಡೆ ಬೇಕಂತಲೇ ಬ್ಯಾಟರಿ ಆರಿಸಿದೆ. ಕಣ್ಣು ಮುಚ್ಚಿದರೂ ತೆರೆದರೂ ವ್ಯತ್ಯಾಸ ಇಲ್ಲ. ಎದೆ ಹೊಡ್ಕೊಳ್ಳೋದು ಕಿವಿಗೆ ಕೇಳ್ತಿತ್ತು. ಎಲ್ಲೋ ಒಂದು ಹನಿ ಬಿತ್ತು, ಸ್ವಲ್ಪ ಹೊತ್ತಿಗೆ ಅಲ್ಲೇ ಇನ್ನೊಂದು. ಗಾಬರಿಯಾಗಿ ಬೇಗನೆ ದೀಪ ಹಚ್ಚಿದೆ. ಎದುರಿಗಿದ್ದ ಒದ್ದೆ ಗೋಡೆ ಅಷ್ಟು ಸ್ಪಷ್ಟವಾಗಿ, ಅಷ್ಟು ಕಲ್ಲಾಗಿ ಯಾವತ್ತೂ ಕಂಡಿರಲಿಲ್ಲ. ಕತ್ತಲು ಕಂಡರೆ ನಡುಗೋ ನಾನೇ ಕತ್ತಲೆಯ ಪರ ವಕಾಲತ್ತು ಮಾಡ್ತಿದ್ದೇನೆ ಅಂದರೆ ಆ ನೇರಳೆ ದೀಪ ನನ್ನನ್ನ ಎಷ್ಟು ಕಾಡಿರಬೇಕು, ನೀವೇ ಹೇಳಿ.

ರ‍್ಯೂಗಾ-ದೋ ಅಂದೆನಲ್ಲ, ಅಲ್ಲಿ ಒಂದು ಮಡಕೆ ಇದೆ. ಯಾಯೋಯಿ ಕಾಲದಲ್ಲಿ, ಅಂದರೆ ಎರಡು ಸಾವಿರ ವರ್ಷದ ಆಸುಪಾಸಿನಲ್ಲಿ, ಗುಹೆಯಲ್ಲಿ ವಾಸವಿದ್ದ ಯಾರೋ ಇಟ್ಟು ಹೋದದ್ದು. ಮೇಲಿಂದ ಹನಿ ಬಿದ್ದೂ ಬಿದ್ದೂ ಸುಣ್ಣ ಕಟ್ಟಿ ಬಂಡೆಗೇ ಬೆಸೆದುಕೊಂಡಿದೆ. ಈಗ ಅದನ್ನ 'ದೇವರ ಮಡಕೆ' ಅಂತಾರೆ. ಇವಾತೆ ಪ್ರಾಂತದ ರ‍್ಯೂಸೆನ್-ದೋದಲ್ಲಿ ನೆಲದಡಿಯ ಸರೋವರಗಳು, ಮೂರನೆಯದು 98 ಮೀಟರ್ ಆಳ. ಅದರ ನೀಲಿ ನೀರಿನದೇ. ಅಷ್ಟು ತಿಳಿ, ಅಷ್ಟು ಆಳದ ನೀರು ಬೆಳಕಿನ ಕೆಂಪನ್ನ ನುಂಗಿ ನೀಲಿ ಉಳಿಸುತ್ತೆ. ನೀರಿಗೇ ಬರೋ ಕೆಲಸಕ್ಕೆ ರಿಮೋಟ್ ಹಿಡಿದು ಬಣ್ಣ ಒತ್ತೋ ಮನುಷ್ಯ ಬೇಕಾ?

ಅಕ್ಕ ಇದನ್ನ ಓದಿ ಫೋನ್ ಮಾಡ್ತಾಳೆ, "ನಿನಗ ಎಲ್ಲದರಾಗೂ ತಪ್ಪು ಕಾಣ್ತದ" ಅಂತ. ಕಾಣ್ತದ. ಅವಳ ಮಗನ ರೀಲ್ಸಿಗೆ ಈಗಾಗಲೇ ನನ್ನ ಈ ಬರಹಕ್ಕಿಂತ ಹೆಚ್ಚು ಲೈಕ್ ಬಂದಿರುತ್ತೆ, ಅದೂ ಗೊತ್ತು.

ಮುಂದಿನ ತಿಂಗಳು ಯೊಕೊಹಾಮದಿಂದ ಬರ್ತೀವಿ ಅಂದಿರೋ ಗೆಳೆಯರಿಗೆ: ಟೋಕಿಯೊ ಪಕ್ಕದ ಒಕುತಾಮಾದಲ್ಲಿ ನಿಪ್ಪಾರಾ ಗುಹೆ ಇದೆ, ಹಿಂದೆ ಬೆಟ್ಟದ ತಪಸ್ವಿಗಳು ಸಾಧನೆಗೆ ಹೋಗ್ತಿದ್ದ ಜಾಗ. ಒಳಗೆ ವರ್ಷವಿಡೀ 11 ಡಿಗ್ರಿ, ಸ್ವೆಟರ್ ಇಲ್ಲದೆ ಬಂದರೆ ನಾನು ನನ್ನದು ಬಿಚ್ಚಿ ಕೊಡಲ್ಲ. ಮೆಟ್ಟಿಲು ಕಡಿದಾಗಿವೆ, ಒದ್ದೆ, ಹಿಡಿತ ಇರೋ ಶೂ ಬೇಕು. ಅಕಿಯೋಶಿ-ದೋಗೆ ಎರಡು ದಿನ ರಜೆ ಹಾಕಿ, ನಾನೇ ಕರ್ಕೊಂಡು ಹೋಗ್ತೀನಿ, ಬಸ್ ಚಾರ್ಜ್ ನನ್ನದೇ. ಆದರೆ ಆ ಡಿಸ್ಕೊ ಗುಹೆಗೆ ಹೋಗೋಣ ಅಂತ ಯಾರಾದರೂ ಬಾಯಿ ಬಿಟ್ಟರೆ, ನೀವು ಹೋಗಿ ಬನ್ನಿ, ನಾನು ಹೊರಗೆ ಆ ಅಜ್ಜಿ ಹತ್ತಿರ ಸೋಬಾ ತಿಂತಾ ಕೂತಿರ್ತೀನಿ.