ಮನೆಯಿದೆ, ಮನೆಯವರೆಲ್ಲಿ?

“ದುಡ್ಡು ಕೊಟ್ಟು ಸೌದೆ ತಂದು, ಕಣ್ಣಿಗೆ ಹೊಗೆ ತುಂಬಿಸಿಕೊಳ್ಳಲು ಆರು ತಾಸು ಕಾರು ಓಡಿಸಿಕೊಂಡು ಬರಬೇಕಿತ್ತೇನೋ ಮಾರಾಯ?” ಎಂದು ಅಮ್ಮ ಕೇಳಿದಳು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ಮದುವೆಯಾಗಿ ಬಂದ ದಿನದಿಂದ ಬಚ್ಚಲೊಲೆಗೆ ಉರಿ ಹಾಕಿದವಳು ಅವಳು. ಸೋಲಾರ್ ಬಂದ ಮೇಲೆ ಊದುಗೊಳವೆಯನ್ನು ಅಟ್ಟಕ್ಕೆ ಎಸೆದು ಉಸ್ಸೆಂದವಳು. ಅವಳ ಕಣ್ಣೆದುರಿಗೇ ನಾನು ನ್ಯೂಯಾರ್ಕ್ ರಾಜ್ಯದ ಉತ್ತರ ಮೂಲೆಯಲ್ಲಿ, ಫಿಶ್ ಕ್ರೀಕ್ ಪಾಂಡ್ ಎಂಬ ನೀರಿನ ದಂಡೆಯ ಕ್ಯಾಂಪ್‌ಗ್ರೌಂಡಿನಲ್ಲಿ ಮಂಡಿಯೂರಿ ಕುಳಿತು ಹತ್ತನೆಯ ಕಡ್ಡಿ ಗೀರುತ್ತಿದ್ದೆ.

ಕೊನೆಗೆ ಅವಳೇ ನನ್ನನ್ನು ಪಕ್ಕಕ್ಕೆ ಸರಿಸಿ ಕುಕ್ಕರುಗಾಲಿನಲ್ಲಿ ಕುಳಿತಳು. ದಪ್ಪ ಸೌದೆಯನ್ನೆಲ್ಲ ಹೊರಗೆಳೆದಳು. ಬರ್ಚ್ ಮರದಿಂದ ಕಳಚಿ ಬಿದ್ದ ತೊಗಟೆ ಸುತ್ತಲೂ ಬೇಕಾದಷ್ಟಿತ್ತು, ಒಣಗಿದ ಅಡಿಕೆ ಹಾಳೆಯ ಹಾಗೆ ಸುರುಳಿ ಸುತ್ತಿಕೊಂಡು. ಅದನ್ನು ಹರಿದು ಅಡಿಗಿಟ್ಟು, ಮೇಲೆ ಪುಳ್ಳೆ, ಅದರ ಮೇಲೆ ಎರಡೇ ಎರಡು ಸೀಳು. ಒಂದೇ ಕಡ್ಡಿಗೆ ಉರಿ ಎದ್ದಿತು. ಪಕ್ಕದ ಜಾಗದವರು ಚಪ್ಪಾಳೆ ತಟ್ಟಿದರು. ಅಮ್ಮನಿಗೆ ಅದೂ ವಿಚಿತ್ರವೆನಿಸಿತು.

ನಾನು ನ್ಯೂಜೆರ್ಸಿಗೆ ಬಂದು ಹದಿನಾರು ವರ್ಷಗಳಾದವು. ವರ್ಷಕ್ಕೊಮ್ಮೆಯಾದರೂ ಈ ಅಡಿರಾಂಡ್ಯಾಕ್ ಗುಡ್ಡಗಳಿಗೆ ಬರದಿದ್ದರೆ ಏನೋ ಕಳೆದುಕೊಂಡಂತಾಗುತ್ತದೆ. ಸುಮಾರು 60 ಲಕ್ಷ ಎಕರೆಯ ಸೀಮೆ. ಆರು ಕೊಡಗುಗಳನ್ನು ತಂದು ಸುರಿದರೆ ಹಿಡಿಸುತ್ತದೆ. ಎತ್ತರದಲ್ಲಿ ಮಾತ್ರ ನಾವು ತಲೆ ತಗ್ಗಿಸಬೇಕಾಗಿಲ್ಲ. ಇಲ್ಲಿನ ಅತಿ ಎತ್ತರದ ಮೌಂಟ್ ಮಾರ್ಸಿ 1,629 ಮೀಟರ್, ನಮ್ಮ ಮುಳ್ಳಯ್ಯನಗಿರಿ 1,930. ಆದರೆ ನೀರಿನಲ್ಲಿ ಇವರನ್ನು ಮೀರಿಸುವಂತಿಲ್ಲ: ಸಣ್ಣದು ದೊಡ್ಡದು ಸೇರಿ ಮೂರು ಸಾವಿರದಷ್ಟು ಸರೋವರಗಳು. ಕೆರೆ ಎನ್ನಲು ಬಾಯಿ ಬರುವುದಿಲ್ಲ, ಕೆರೆಯೆಂದರೆ ಯಾರೋ ಕಟ್ಟಿಸಿದ್ದು, ಅದಕ್ಕೊಂದು ಏರಿ, ಒಂದು ತೂಬು. ಇವು ಹಿಮನದಿಗಳು ಕೊರೆದು ಬಿಟ್ಟುಹೋದ ಗುಂಡಿಗಳು.

ಸೌದೆಯ ಕತೆ ಹೇಳಲೇಬೇಕು. ಮೊದಲ ಸಲ ಬಂದಾಗ ನಮ್ಮ ಹಿತ್ತಿಲಲ್ಲಿ ಉರುಳಿದ ಮರದ ತುಂಡುಗಳನ್ನು ಜಾಣತನದಿಂದ ಡಿಕ್ಕಿಗೆ ತುಂಬಿಕೊಂಡು ಬಂದಿದ್ದೆ. ಗೇಟಿನಲ್ಲಿದ್ದ ಹುಡುಗಿ ನಗುನಗುತ್ತಲೇ ಅಷ್ಟನ್ನೂ ಇಳಿಸಿಕೊಂಡಳು. ಹದವಾಗಿ ಕಾಯಿಸಿ ಹುಳ ಸಾಯಿಸದ ಸೌದೆಯನ್ನು ಈ ರಾಜ್ಯದಲ್ಲಿ 50 ಮೈಲಿಗಿಂತ ದೂರ ಒಯ್ಯುವಂತಿಲ್ಲ, ಹೊರರಾಜ್ಯದಿಂದ ತರುವಂತೆಯೇ ಇಲ್ಲ. ಏಷ್ಯಾದಿಂದ ಬಂದು 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾದ ಹಸಿರು ಕೊರೆಹುಳು ಆ್ಯಶ್ ಮರಗಳನ್ನು ತೋಪುತೋಪಾಗಿ ತಿಂದುಹಾಕಿದೆ. ಅದು ಊರಿಂದೂರಿಗೆ ಸಾಗುವುದು ನನ್ನಂಥ ಜಾಣರ ಡಿಕ್ಕಿಯಲ್ಲಿ. ಕಾಫಿ ಗಿಡದ ಬಿಳಿ ಕಾಂಡಕೊರಕವನ್ನು ಕಂಡವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ದಾರಿಬದಿಯ ಮನೆಗಳ ಮುಂದೆ ಒಟ್ಟಿದ ಸೌದೆ ಕೊಳ್ಳುತ್ತೇನೆ. ಮಾರುವವರು ಇರುವುದಿಲ್ಲ, ಒಂದು ತಗಡಿನ ಡಬ್ಬಿ ಇರುತ್ತದೆ. ದುಡ್ಡು ಹಾಕಿ ಹೊರೆ ಎತ್ತಿಕೊಳ್ಳುವುದು, ಅಷ್ಟೆ.

ಕ್ಯಾಂಪ್‌ಗ್ರೌಂಡ್ ಎಂದರೆ ಇನ್ನೇನೂ ಅಲ್ಲ. ನಂಬರು ಹಾಕಿದ ಒಂದು ಜಾಗ, ಒಂದು ಮರದ ಮೇಜು, ಬೆಂಕಿಗೊಂದು ಕಬ್ಬಿಣದ ಬಳೆ, ನಡೆದು ಹೋಗುವಷ್ಟು ದೂರದಲ್ಲಿ ನಲ್ಲಿ ಮತ್ತು ಶೌಚಾಲಯ. ಗುಡಾರ ನಿಮ್ಮದು, ಅಡುಗೆ ನಿಮ್ಮದು, ಕಸವೂ ನಿಮ್ಮದೇ. ಕರಡಿಗಳ ಕಾಟವಿರುವುದರಿಂದ ರಾತ್ರಿ ಅಮ್ಮನ ಮಾವಿನಮಿಡಿ ಉಪ್ಪಿನಕಾಯಿ ಕಾರಿನೊಳಗೆ ಬಂಧಿ. ಒಂದು ರಾತ್ರಿಗೆ ಕೊಡುವ ಹಣದಲ್ಲಿ ನಮ್ಮ ಮನೆಮಂದಿಗೆ ನ್ಯೂಜೆರ್ಸಿಯ ಎಡಿಸನ್ನಿನ ಹೋಟೆಲಿನಲ್ಲಿ ಮಸಾಲೆದೋಸೆ, ಕಾಫಿ ಮುಗಿಯುವುದಿಲ್ಲ. ನನ್ನ ಎಡಕ್ಕೆ ಲಾರಿ ಚಾಲಕನ ಸಂಸಾರ, ಬಲಕ್ಕೆ ನಿವೃತ್ತ ಮೇಷ್ಟ್ರು ದಂಪತಿ. ನೀರಿನಂಚಿನ ಜಾಗವನ್ನು ಮೊದಲು ಕಾದಿರಿಸಿದವರಿಗೆ ಮೊದಲು.

ನನಗೆ ಹೊಟ್ಟೆಕಿಚ್ಚಾಗುವುದು ಇಲ್ಲಿ. ನಮ್ಮ ಮಲೆನಾಡಿನಲ್ಲಿ ಹೊಳೆಯ ಪಕ್ಕ ಒಂದು ರಾತ್ರಿ ಮಲಗಬೇಕೆಂದರೆ ಇರುವ ದಾರಿ ಎಷ್ಟು? ಸರ್ಕಾರಿ ಬಂಗಲೆಯಾದ ಐಬಿಗೆ ಪರಿಚಯದವರ ಮಾತು ಬೇಕು. ಸರ್ಕಾರದ ಕಾಡಿನ ವಸತಿಗಳ ದರ ಕೇಳಿದರೆ ಶಾಲೆಯ ಮೇಷ್ಟ್ರು ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಉಳಿದದ್ದು ಖಾಸಗಿ ತೋಟದ ಹೋಂಸ್ಟೇ. ಗುಡಾರ ಹೆಗಲಿಗೆ ಹಾಕಿಕೊಂಡು ಬಂದ ಬಡಪಾಯಿಗೆ ಹಕ್ಕಿನ ಜಾಗ ಎಂಬುದಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರ ನೂಕುನುಗ್ಗಲಾದಾಗ ಮೊದಲು ಮಾಡಿದ್ದು ಬಾಗಿಲು ಹಾಕುವುದು. ದಿನಕ್ಕಿಷ್ಟು ಜನ ಎಂದು ಲೆಕ್ಕವಿಟ್ಟು ಬಿಡುವ ವ್ಯವಸ್ಥೆ ಆಮೇಲೆ ಬಂತು. ಆನೆ ಓಡಾಡುವ ಕಾಡು, ಆಗುಂಬೆಯ ಮಳೆ, ಇಂಬಳ, ಇವೆಲ್ಲ ಇರುವಲ್ಲಿ ಇಲ್ಲಿನ ಕ್ರಮವನ್ನು ಹಾಗೆಯೇ ಎತ್ತಿಡಲಾಗದು, ಒಪ್ಪುತ್ತೇನೆ. ಆದರೆ ಡಿಸೆಂಬರಿನಲ್ಲಿ, ಊರಿಗೆ ತಾಗಿದ ಹಿನ್ನೀರಿನ ದಂಡೆಯಲ್ಲಿ ಇಪ್ಪತ್ತು ನಂಬರಿನ ಜಾಗ ಮಾಡಲು ಆನೆ ಅಡ್ಡ ಬರುವುದಿಲ್ಲ.

ಇಲ್ಲಿನವರು ಹುಟ್ಟಾ ಶಿಸ್ತಿನವರೆಂದು ಹೀಗಿದೆ ಎಂದುಕೊಳ್ಳಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗುಡ್ಡಗಳನ್ನೂ ಬೋಳಿಸಿದ್ದರು. 1892ರಲ್ಲಿ ಪಾರ್ಕ್ ಆಯಿತು. ಅದು ಸಾಲದೆಂದು 1894ರಲ್ಲಿ, ಸರ್ಕಾರದ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕೆಂದು ರಾಜ್ಯದ ಸಂವಿಧಾನದಲ್ಲೇ ಬರೆದುಬಿಟ್ಟರು. ರ‍್ಯಾಕೆಟ್ ಲೇಕ್ ಎಂಬ ಹಳ್ಳಿಗೆ ಕುಡಿಯುವ ನೀರಿಗಾಗಿ ಒಂದು ಎಕರೆ ಕಾಡು ಬೇಕಾದಾಗ, 2007ರಲ್ಲಿ ಇಡೀ ನ್ಯೂಯಾರ್ಕ್ ರಾಜ್ಯದ ಮತದಾರರು ಓಟು ಹಾಕಬೇಕಾಯಿತು. ಬದಲಿಗೆ ಹನ್ನೆರಡು ಎಕರೆ ಕೊಡುವ ಷರತ್ತಿನ ಮೇಲೆ ಒಪ್ಪಿದರು. ಒಂದೇ ಎಕರೆಗೆ! ಡೀಮ್ಡ್ ಫಾರೆಸ್ಟ್, ಸೊಪ್ಪಿನಬೆಟ್ಟ ಎಂದು ಕಾಡಂಚಿನ ಜಮೀನಿನ ತಕರಾರು ಹಿಡಿದು ಕಚೇರಿ ಅಲೆದ ಮಲೆನಾಡಿಗರಿಗೆ ಇದು ಪುರಾಣ ಕೇಳಿದ ಹಾಗಾದೀತು.

ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಸದ್ದು ಮಾಡುವಂತಿಲ್ಲ. ನಾಲ್ಕು ಕನ್ನಡ ಸಂಸಾರಗಳು ಸೇರಿ ಬಂದಿದ್ದ ವರ್ಷ ನಮ್ಮ ಅಂತ್ಯಾಕ್ಷರಿ ಹತ್ತೂವರೆ ದಾಟಿತ್ತು. ಟಾರ್ಚು ಹಿಡಿದು ಬಂದ ಮುದುಕನೊಬ್ಬ “ಹಾಡು ಚೆನ್ನಾಗಿದೆ, ನಾಳೆ ಮುಂದುವರಿಸಿ” ಎಂದು ಹೋದ. ಆ ನಾಚಿಕೆ ಇನ್ನೂ ಹೋಗಿಲ್ಲ. ಆಮೇಲಿನ ನಿಶ್ಶಬ್ದದಲ್ಲಿ ಲೂನ್ ಹಕ್ಕಿ ನೀರಿನ ಮೇಲಿಂದ ಊಳಿಟ್ಟಿದ್ದು ಕೇಳಿಸಿತು. ಅಷ್ಟು ಹೊತ್ತೂ ಅದು ಕೂಗುತ್ತಲೇ ಇದ್ದಿರಬೇಕು.

ಅಮ್ಮ ನೆಲದ ಮೇಲೆ ಎರಡು ರಾತ್ರಿ ಮಲಗಿದಳು. ಮಂಡಿ ನೋವೆಂದು ಮೂರನೆಯ ದಿನ ಬಾಡಿಗೆ ಕ್ಯಾಬಿನ್ನಿಗೆ ಹೋದೆವು. ಮರದ ದಿಮ್ಮಿಯ ಪುಟ್ಟ ಮನೆ, ಜಗುಲಿ, ಮುಂದೆ ನೀರು. ಬಾಗಿಲ ಪಕ್ಕದ ಪೆಟ್ಟಿಗೆಗೆ ನಾಲ್ಕು ಅಂಕಿ ಒತ್ತಿದರೆ ಕೀಲಿಕೈ ಬೀಳುತ್ತದೆ. ಅಮ್ಮ ಒಳಗೆ ಹೋಗಿ, ಅಡುಗೆಮನೆ, ಕೋಣೆ ಎಲ್ಲ ನೋಡಿ ಬಂದು ಕೇಳಿದಳು: “ಮನೆಯವರು ಎಲ್ಲಿ?”

ಇಲ್ಲ ಎಂದೆ. ಅವರು ಬರುವುದೇ ಇಲ್ಲ, ಎಲ್ಲಿರುತ್ತಾರೋ ನಮಗೂ ಗೊತ್ತಿಲ್ಲ ಎಂದೆ. ಮನೆಯವರ ಬದಲಿಗೆ ಫ್ರಿಜ್ಜಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ಇತ್ತು. ಶೌಚದ ಗುಂಡಿಗೆ ಏನೇನು ಬಿಡಬಾರದು, ಹೊರಡುವಾಗ ಹಾಸಿಗೆಯ ಬಟ್ಟೆ ಎಲ್ಲಿ ಹಾಕಬೇಕು, ಕಸ ಎಲ್ಲಿಗೆ ಒಯ್ಯಬೇಕು. ಇಷ್ಟೆಲ್ಲ ನಾವೇ ಮಾಡಿದ ಮೇಲೂ ಶುಚಿತ್ವಕ್ಕೆ ಬೇರೆ ಹಣ.

ನಮ್ಮ ಹೋಂಸ್ಟೇಗಳನ್ನು ಬೈಯುವುದು ಸುಲಭ. ಸ್ಪೀಕರು, ಬಾಟಲಿ, ಜೀಪು ಎಲ್ಲ ಗೊತ್ತಿರುವುದೇ. ಆದರೆ ಹಳೆಯ ಮನೆಗಳಲ್ಲಿ ಇವತ್ತಿಗೂ ಕಾರಿನ ಸದ್ದಿಗೆ ಯಾರಾದರೂ ಜಗುಲಿಗೆ ಬರುತ್ತಾರೆ. ಬೆಲ್ಲ-ನೀರೋ ಕಾಫಿಯೋ ಬರುತ್ತದೆ. ಎಲ್ಲಿಯವರು, ಯಾರ ಪೈಕಿ ಎಂಬ ವಿಚಾರಣೆ ನಡೆಯುತ್ತದೆ. ವಯಸ್ಸಿನಲ್ಲಿ ನನಗೆ ಅದು ಕಿರಿಕಿರಿಯಾಗಿತ್ತು. ಈಗ ನಾಲ್ಕಂಕಿಯ ಪೆಟ್ಟಿಗೆಯ ಮುಂದೆ ನಿಂತಾಗ, ಯಾರಾದರೂ ವಿಚಾರಿಸಬಾರದೇ ಅನಿಸುತ್ತದೆ.

ಹೊರಡುವ ದಿನ ಮೇಜಿನ ಮೇಲೆ ಅತಿಥಿಗಳು ಬರೆಯುವ ಪುಸ್ತಕ ಅಮ್ಮನ ಕಣ್ಣಿಗೆ ಬಿತ್ತು. ಕನ್ನಡಕ ಹಾಕಿಕೊಂಡು ಕನ್ನಡದಲ್ಲೇ ಬರೆದಳು: “ಮನೆ ಚೊಕ್ಕಟವಾಗಿದೆ. ನೀರು ರುಚಿ. ನಿಮ್ಮನ್ನು ನೋಡಲಾಗಲಿಲ್ಲ. ಸಾಸಿವೆ ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇನೆ, ಮುಂದೆ ಬಂದವರ ಒಗ್ಗರಣೆಗೆ ಆಗಲಿ.” ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ, ಇಲಿ ಬರುತ್ತವೆ, ತಿನ್ನುವ ಪದಾರ್ಥ ಏನನ್ನೂ ಬಿಟ್ಟುಹೋಗಬೇಡಿ ಎಂದಿತ್ತು. ಅಮ್ಮ ಕಾರಿನಲ್ಲಿ ಕುಳಿತ ಮೇಲೆ ನಾನು ಒಳಗೆ ಹೋಗಿ ಡಬ್ಬಿಯನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಪುಸ್ತಕದ ಸಾಲನ್ನು ಹೊಡೆದುಹಾಕಲಿಲ್ಲ.