ಅಜಗಜಾಂತರಕ್ಕೂ ಒಂದು ಲೆಕ್ಕ

ಚೆಸ್ ಓಪನ್ ಟೂರ್ನಿಯ ಮೊದಲ ಸುತ್ತಿನ ಜೋಡಿಪಟ್ಟಿ ಗೋಡೆಗೆ ಅಂಟಿದಾಗ ಪಟ್ಟಿ ನೋಡುವುದಕ್ಕಿಂತ ಅದನ್ನು ನೋಡುವವರ ಮುಖ ನೋಡಬೇಕು. ಬ್ಯಾಂಕಿಗೆ ವಾರ ರಜೆ ಹಾಕಿ ಬಂದವರ ಎದುರು ಗ್ರ್ಯಾಂಡ್‌ಮಾಸ್ಟರ್ ಹೆಸರು. 'ನನ್ನ ಹಣೆಬರಹ' ಅನ್ನುತ್ತಾರೆ. ಹಣೆಬರಹವೂ ಇಲ್ಲ, ಏನೂ ಇಲ್ಲ, ಸ್ವಿಸ್ ಪದ್ಧತಿ ಅಷ್ಟೆ. 200 ಜನ ಬಂದಿದ್ದರೆ ರೇಟಿಂಗ್ ಪ್ರಕಾರ, ಅಂದರೆ ಆಟದ ಬಲ ಹೇಳುವ ಅಂಕಿಯ ಪ್ರಕಾರ, ಸಾಲು ಮಾಡಿ, ಸಾಲನ್ನು ನಡುವಿಗೆ ಕತ್ತರಿಸಿ, 1ನೆಯವರಿಗೆ 101ನೆಯವರು, 2ನೆಯವರಿಗೆ 102ನೆಯವರು. ಮುಂದಿನ ಸುತ್ತುಗಳಲ್ಲಿ ಒಂದೇ ಅಂಕದವರು ತಮ್ಮತಮ್ಮಲ್ಲೇ. ನಾಲ್ಕನೇ ಸುತ್ತಿನ ಹೊತ್ತಿಗೆ ಕಾಳು ಜೊಳ್ಳು ಬೇರೆಯಾಗಿರುತ್ತದೆ.

ಚೆಸ್ಸನ್ನೇ ಉಂಡು ಉಸಿರಾಡುವವರ ಮುಂದೆ ಭಾನುವಾರದ ಆಟಗಾರನನ್ನು ಕೂರಿಸುವುದು ಯಾವ ನ್ಯಾಯ ಎಂಬ ಗೊಣಗು ಎಲ್ಲ ಟೂರ್ನಿಯಲ್ಲೂ ಉಂಟು. ಮೇಲಾಗಿ ಗ್ರ್ಯಾಂಡ್‌ಮಾಸ್ಟರಿಗೆ ಸಾಮಾನ್ಯವಾಗಿ ಪ್ರವೇಶ ಶುಲ್ಕ ಮಾಫಿ. ಆ ಶುಲ್ಕ ತೆರುವವರು ಹವ್ಯಾಸಿಗಳು. ಒಪ್ಪೋಣ. ಆದರೆ ಫೀಸು ಕಟ್ಟಿದ್ದಕ್ಕೆ ರಣಜಿ ಬ್ಯಾಟ್ಸ್‌ಮನ್‌ಗೆ ಬೌಲ್ ಮಾಡಲು ಬಿಡುವವರು ಯಾರಿದ್ದಾರೆ? ಇಷ್ಟಕ್ಕೂ ವೃತ್ತಿ-ಹವ್ಯಾಸದ ಗೆರೆಯೇ ಇಲ್ಲಿ ನೆಟ್ಟಗಿಲ್ಲ. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ತೇಜ್‌ಕುಮಾರ್ ರೈಲ್ವೆ ನೌಕರರು.

ಅಜಗಜಾಂತರವನ್ನು ಅಳೆಯುವ ಕೋಲೂ ಇದೆ. ಅಮೆರಿಕದ ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾದ್ ಈಲೊ ಕಟ್ಟಿದ ರೇಟಿಂಗ್ ಲೆಕ್ಕವನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಗ್ರ್ಯಾಂಡ್‌ಮಾಸ್ಟರ್ 2500, ನಮ್ಮ ಬ್ಯಾಂಕಿನವರು 1700 ಅನ್ನಿ. ಅಂತರ 800 ಇದ್ದರೂ ಲೆಕ್ಕಕ್ಕೆ ಹಿಡಿಯುವುದು 400 ಮಾತ್ರ. ದೊಡ್ಡವರು ಗೆದ್ದರೆ ಅವರಿಗೆ ಸಿಗುವುದು 0.8 ರೇಟಿಂಗ್ ಅಂಕ, ಇವರು ಕಳೆದುಕೊಳ್ಳುವುದು 1.6. ಡ್ರಾ ಆದರೆ ಇವರಿಗೆ 8.4 ಬಂತು, ಅವರಿಗೆ 4.2 ಹೋಯಿತು. ಹೆದರಬೇಕಾದವರು ಯಾರು, ನೀವೇ ಹೇಳಿ. ಅಂಕ ಸಮವಾದವರಲ್ಲಿ ಮೇಲು ಯಾರೆಂದು ತೀರ್ಮಾನಿಸುವ ಟೈಬ್ರೇಕ್‌ಗೆ ಬುಖೋಲ್ಟ್ಸ್ ಎಂಬ ಲೆಕ್ಕ ಇಟ್ಟಿದ್ದರೆ ಇನ್ನೊಂದು ತಮಾಷೆ: ಅಲ್ಲಿ ಕೂಡುವುದು ನಮ್ಮ ಎದುರಾಳಿಗಳ ಅಂಕಗಳನ್ನು. ಹೊಡೆದವರು ಮುಂದೆ ಗೆಲ್ಲುತ್ತಾ ಹೋದಷ್ಟೂ ಹೊಡೆಸಿಕೊಂಡವರಿಗೆ ಲಾಭ.

ಸೋಲುವ ಬಗೆಯೂ ಹೆಚ್ಚುಕಡಿಮೆ ಒಂದೇ. ಮೊದಲ ಹನ್ನೆರಡು ನಡೆ ಬಾಯಿಪಾಠ, ಪಟಪಟ. ಆಮೇಲೆ ಕಾಯಿ ಕಡಿಮೆಯಾದರೆ ಅಪಾಯವೂ ಕಡಿಮೆ ಎಂಬ ನಂಬಿಕೆಯಲ್ಲಿ ಸಿಕ್ಕಿದ್ದನ್ನೆಲ್ಲ ಎಕ್ಸ್‌ಚೇಂಜ್ ಮಾಡಿ, ಕ್ವೀನಿಗೆ ಕ್ವೀನನ್ನೂ ಕೊಟ್ಟು, ಡ್ರಾ ಸಿಕ್ಕೇಬಿಟ್ಟಿತೆಂದು ನೀರು ಕುಡಿಯುವುದು. ವೃತ್ತಿಪರರು ಕಾಯುತ್ತಿದ್ದದ್ದು ಅದಕ್ಕೇ. ಆನೆ-ಪಾನ್‌ಗಳ ಎಂಡ್‌ಗೇಮ್ ಅವರ ಅಡುಗೆಮನೆ. ಕಣ್ಣು ಮುಚ್ಚಿ ಕೈ ಹಾಕಿದರೂ ಉಪ್ಪಿನ ಡಬ್ಬಿಯೇ ಸಿಗುತ್ತದೆ. ನಮ್ಮ ಒಂಟಿ ಪಾನ್ ಒಂದನ್ನು ಹಿಡಿದುಕೊಂಡು ನಲವತ್ತು ನಡೆ ಹಿಂಡುತ್ತಾರೆ. ನಡೆಗೆ 30 ಸೆಕೆಂಡ್ ಸೇರುವ ಗಡಿಯಾರ ಬೇರೆ, ಸಂಕಟ ಬೇಗ ಮುಗಿಯುವುದೂ ಇಲ್ಲ. ಸೋಲಬೇಕೆಂದೇ ಇದ್ದರೆ ಕ್ವೀನ್ ಉಳಿಸಿಕೊಂಡು, ಬೋರ್ಡು ಗೋಜಲು ಮಾಡಿ ಸೋಲುವುದು ಮೇಲು. ಗೋಜಲಿನಲ್ಲಿ ದೊಡ್ಡವರೂ ಎಡವುತ್ತಾರೆ.

ನಿಜವಾದ ಅನ್ಯಾಯದ ಕಾಲು ನೆಲಕ್ಕೆ ಎಟುಕುವುದಿಲ್ಲ. ಅದು ಒಂಬತ್ತು ವರ್ಷದ ಹುಡುಗಿ. ರೇಟಿಂಗ್ 1480, ಕೈಚಳಕ 1900ರದ್ದು. ದಿನಕ್ಕೆ ನಾಲ್ಕು ಗಂಟೆ ಕಲಿಯುತ್ತಾಳೆ; ರೇಟಿಂಗ್ ಅವಳ ಹಿಂದೆ ಏದುಸಿರು ಬಿಡುತ್ತಾ ಓಡುತ್ತಿರುತ್ತದೆ. 2024ರ ಮಾರ್ಚಿನಲ್ಲಿ ಫಿಡೆ 2000ದ ಕೆಳಗಿನವರ ರೇಟಿಂಗನ್ನೆಲ್ಲ ಒಂದೇ ಏಟಿಗೆ ಏರಿಸಿತು, 1000 ಇದ್ದದ್ದು 1400 ಆಯಿತು. ಮಕ್ಕಳ ಓಟ ನಿಲ್ಲಲಿಲ್ಲ. ಕಾಗದದ ಪ್ರಕಾರ ಇವಳೇ ಹವ್ಯಾಸಿ, ಬ್ಯಾಂಕಿನವರೇ ಬಲಿಷ್ಠರು. ಗ್ರ್ಯಾಂಡ್‌ಮಾಸ್ಟರಿಗೆ ಸೋತಾಗ ಹೋದದ್ದು 1.6, ಇವಳಿಗೆ ಸೋತರೆ 15.6 ಹೋಗುತ್ತದೆ, ಅವಳಿಗೆ 31.2 ಸೇರುತ್ತದೆ.

ಮೂರನೇ ಸುತ್ತಿನಲ್ಲಿ ಇಬ್ಬರೂ ಎದುರುಬದುರು. ಹದಿನೆಂಟನೇ ನಡೆಗೆ ಬ್ಯಾಂಕಿನವರು ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಡ್ರಾ ಕೇಳುತ್ತಾರೆ. ಅವಳು ತಲೆ ಎತ್ತುವುದಿಲ್ಲ. ನಾಲಿಗೆ ಕಚ್ಚಿಕೊಂಡು ಸ್ಕೋರ್‌ಶೀಟಿನಲ್ಲಿ ನಡೆ ಬರೆಯುತ್ತಲೇ ಎರಡು ಜಡೆಯನ್ನೂ ಅಲ್ಲಾಡಿಸುತ್ತಾಳೆ.