ಹೆಣ್ಣು ಒಪ್ಪಿಸುವ ಹೊತ್ತಿಗೆ ಕೈಕೊಟ್ಟ ಡಿವಿಡಿ

ಕಂಪ್ಯೂಟರ್ ಗೊತ್ತಿರುವವರು ಅಂತ ಒಮ್ಮೆ ಹೆಸರು ಬಿದ್ದರೆ ಮುಗಿಯಿತು, ನೆಂಟರಿಷ್ಟರ ಮದುವೆ ಡಿವಿಡಿಗಳೆಲ್ಲ ಕಾಪಿಗೆ ನಮ್ಮ ಮನೆಗೇ ಬರುತ್ತವೆ. ದೊಡ್ಡಮ್ಮ ತಂದದ್ದು ಅವರ ಮಗಳ ಮದುವೆಯದು, 2008ರದ್ದು. ಇದ್ದದ್ದು ಅದೊಂದೇ. ಅದರ ಮೇಲೆ ಯಾರೋ ಬಾಲ್ ಪೆನ್ನಿನಲ್ಲಿ ಒತ್ತಿ ಒತ್ತಿ ‘ಶುಭವಿವಾಹ’ ಅಂತ ಬರೆದು, ಕೆಳಗೆ ಹೂವು ಬೇರೆ ಬಿಡಿಸಿದ್ದರು. ಸಿಡಿ ಆಗಿದ್ದರೆ ಆ ಹೂವೇ ಸಾಕಿತ್ತು ಅದರ ಕಥೆ ಮುಗಿಸಲು. ಸಿಡಿಯಲ್ಲಿ ಡೇಟಾ ಇರುವುದು ಹೆಸರು ಬರೆಯುವ ಕಡೆಯೇ, ತೆಳು ಪದರದ ಕೆಳಗೆ. ಡಿವಿಡಿಯಲ್ಲಿ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ, ಹಾಗಾಗಿ ಬಚಾವ್.

ಕಾಪಿಗೆ ಹಾಕಿದೆ. ವರಪೂಜೆ ಬಂತು, ಕಾಶಿಯಾತ್ರೆ ಬಂತು, ಧಾರೆ ಬಂತು. ಊಟದ ಪಂಕ್ತಿ ಮುಗಿಯುವಷ್ಟರಲ್ಲಿ ಡ್ರೈವ್ ಕರ್ರ್ ಅಂತ ಸದ್ದು ಮಾಡಿ ನಿಂತಿತು. ಪರದೆಯ ಮೇಲೆ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’. ಓದಿದ್ದಕ್ಕೂ ಲೆಕ್ಕಕ್ಕೂ ತಾಳೆ ಆಗುತ್ತಿಲ್ಲ ಅಂತ ಅರ್ಥ. ಡ್ರೈವ್ ಡಿಸ್ಕನ್ನು ಒಳಗಿನಿಂದ ಹೊರಕ್ಕೆ ಓದುತ್ತಾ ಬರುತ್ತದೆ, ನಾವು ಬೆರಳಿಟ್ಟು ಹಿಡಿಯುವುದು ಹೊರ ಅಂಚನ್ನೇ, ಹಾಗಾಗಿ ತುಂಬಿದ ಡಿಸ್ಕಿನಲ್ಲಿ ತಕರಾರು ಜಾಸ್ತಿ ಬರುವುದು ಕೊನೆಯಲ್ಲೇ. ಇಲ್ಲಿ ಕೊನೆ ಅಂದರೆ ಹೆಣ್ಣು ಒಪ್ಪಿಸುವ ಶಾಸ್ತ್ರ.

“ಹಾಗಾದ್ರೆ ಹುಡುಗಿ ಇನ್ನೂ ಛತ್ರದಲ್ಲೇ ಇದ್ದಾಳೆ ಅನ್ನು” ಅಂದರು ದೊಡ್ಡಮ್ಮ.

ಸಲಹೆಗಳಿಗೇನು ಬರ? ಟೂತ್‌ಪೇಸ್ಟ್ ಹಚ್ಚು ಅಂದರು, ಬಾಳೆಹಣ್ಣಿನ ಸಿಪ್ಪೆ ಉಜ್ಜು ಅಂದರು. ದೊಡ್ಡಪ್ಪ ಸುಮ್ನೆ ಕೂರಲಾರದೆ ಪಂಚೆಯ ಚುಂಗಿನಿಂದ ಗುಂಡಗೆ ತಿಕ್ಕತೊಡಗಿದರು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು ದೊಡ್ಡಪ್ಪ, ಸುತ್ತಿ ತಿಕ್ಕಿದರೆ ಗೀರು ಟ್ರ್ಯಾಕಿನ, ಅಂದರೆ ಡೇಟಾ ಸುತ್ತುಸುತ್ತಾಗಿ ಬರೆದಿರುವ ಗೆರೆಯ, ಉದ್ದಕ್ಕೂ ಬೀಳುತ್ತದೆ, ಅಷ್ಟುದ್ದದ ತಪ್ಪನ್ನು ಡ್ರೈವ್ ತಿದ್ದಿಕೊಳ್ಳಲು ಆಗುವುದಿಲ್ಲ ಅಂದೆ. “ನನ್ನ ಕನ್ನಡಕ ಯಾವಾಗ್ಲೂ ಹೀಗೇ ಒರೆಸೋದು” ಅಂದರು. ಆ ಕನ್ನಡಕವನ್ನು ನೋಡಿದ ಮೇಲೆ ಡಿವಿಡಿ ಕಸಿದುಕೊಂಡೆ.

ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಪಕ್ಕದ ಮನೆಯವರ ಹಳೇ ಲ್ಯಾಪ್‌ಟಾಪಿಗೆ ಹಾಕಿ, ಕೆಟ್ಟ ಜಾಗ ಬಿಟ್ಟು ಮುಂದೆ ಓದುವ ಸಾಫ್ಟ್‌ವೇರ್ ಓಡಿಸಿದೆ. ಬಂತು! ಇನ್ನು ಬರ್ನ್ ಮಾಡುವುದು. ಖಾಲಿ ಡಿಸ್ಕಿನ ಮೇಲೆ 4.7 ಜಿಬಿ ಅಂತಿದ್ದರೂ ವಿಂಡೋಸ್ ತೋರಿಸುವುದು 4.37, ಡಿಸ್ಕಿನವರು ಸಾವಿರದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರಲ್ಲಿ. ಉಳಿದದ್ದು ಎಲ್ಲಿ ಹೋಯಿತು ಅಂತ ದೊಡ್ಡಪ್ಪ ಅಂಗಡಿಯವನ ಜೊತೆ ಜಗಳಕ್ಕೇ ಹೊರಟಿದ್ದರು. ಮೊದಲನೇ ಡಿಸ್ಕ್ ಅರ್ಧ ಬರೆಯುವಾಗ ಕರೆಂಟ್ ಹೋಯಿತು. ಅದು ಈಗ ಹಿತ್ತಲ ಅವರೆ ಚಪ್ಪರದಲ್ಲಿ ನೇತಾಡುತ್ತಾ ಹಕ್ಕಿ ಓಡಿಸುತ್ತಿದೆ.

ಎರಡನೆಯದನ್ನು ವೇಗ ಇಳಿಸಿ ಬರೆದೆ. ದೊಡ್ಡಮ್ಮನ ಪ್ಲೇಯರಿನಲ್ಲಿ ಓಡಿತು ಕೂಡ. ಹೆಣ್ಣು ಒಪ್ಪಿಸುವಾಗ ಮಾತ್ರ, ಓದಲಾಗದೆ ಬಿಟ್ಟ ಜಾಗದಲ್ಲಿ, ಚಿತ್ರ ಒಡೆದು ಚೌಕ ಚೌಕವಾಯಿತು.

“ಅತ್ತಿದ್ದೆಲ್ಲ ನಾನು, ನನ್ನ ಮುಖಾನೇ ಕಾಣ್ತಿಲ್ಲ” ಅಂದರು. “ಬೀಗಿತ್ತಿ ಮಾತ್ರ ಎಷ್ಟು ಚೆನ್ನಾಗಿ ಬಂದಿದ್ದಾರೆ ನೋಡು!”